ಚೇಳು, ಇರುವೆ, ಮಕ್ಕಳು

ನಿನ್ನೆ ರಾತ್ರಿ ‘ದಿ ವೈಲ್ಡ್ ಬಂಚ್’ ನೋಡಿ ಬಂದೆ. 1969ರಲ್ಲಿ ಸ್ಯಾಮ್ ಪೆಕಿನ್‌ಪಾ ತೆಗೆದ, ದರೋಡೆಕೋರರ ಗುಂಪೊಂದರ ಕತೆಯ ಹಾಲಿವುಡ್ ಸಿನಿಮಾ. ಹಿಂದೆ ಮೂರು ಸಲ ನೋಡಿದ್ದೆ, ಮೂರೂ ಸಲ ಲ್ಯಾಪ್‌ಟಾಪಿನಲ್ಲಿ. ಯಾರಾದರೂ ಕೇಳಿದರೆ “ರಕ್ತ ಜಾಸ್ತಿ, ಸ್ಲೋ ಮೋಷನ್ ಸೂಪರ್” ಅಂತ ಹೇಳಿ ಮುಗಿಸುತ್ತಿದ್ದೆ.

ದೊಡ್ಡ ಪರದೆಯಲ್ಲಿ ಬೇರೆಯೇ ಸಿನಿಮಾ ಕಂಡಿತು. ಎಲ್ಲಿ ನೋಡಿದರೂ ಮಕ್ಕಳು!

ಶುರುವಿನಲ್ಲೇ ನಾಲ್ಕಾರು ಮಕ್ಕಳು ಕೆಂಪಿರುವೆಗಳ ರಾಶಿಗೆ ಚೇಳು ಬಿಟ್ಟು, ಕಡ್ಡಿಯಿಂದ ತಿವಿಯುತ್ತ ಕೂತಿದ್ದಾರೆ. ಸೈನಿಕರ ವೇಷ ಹಾಕಿದ ದರೋಡೆಕೋರರು ಕುದುರೆಯೇರಿ ಪಕ್ಕದಲ್ಲೇ ಹಾದು ಹೋಗುತ್ತಾರೆ. ನನಗೆ ಇಷ್ಟು ದಿನ ಚೇಳು ಮಾತ್ರ ನೆನಪಿತ್ತು. ನಿನ್ನೆ ಆ ಮಕ್ಕಳ ಮುಖ ಗೋಡೆಯಷ್ಟು ಅಗಲ. ನಗುತ್ತಿದ್ದಾರೆ. ಆ ನಗುವಿನಲ್ಲಿ ಕೆಟ್ಟತನವೇ ಇಲ್ಲ, ಅದಕ್ಕೇ ಮೈ ಜುಂ ಅಂದಿತು. ಏರೋಪ್ಲೇನ್ ಚಿಟ್ಟೆಯ ಬಾಲಕ್ಕೆ ದಾರ ಕಟ್ಟಿ ಹಾರಿಸಿದವನು ನಾನೂ ತಾನೇ?

ಆಮೇಲೆ ದರೋಡೆ. ಕುಡಿತ ಬಿಡಿಸಲು ಹೊರಟ ಮೆರವಣಿಗೆ ನಡುವೆ ಸಿಕ್ಕಿಹಾಕಿಕೊಂಡು ಜನ ಉದುರುತ್ತಾರೆ. ಒಬ್ಬ ಹುಡುಗ, ಒಬ್ಬಳು ಹುಡುಗಿ ತಬ್ಬಿಕೊಂಡು ನಿಂತು ಎಲ್ಲವನ್ನೂ ನೋಡುತ್ತಿರುತ್ತಾರೆ. ಗುಂಡು ನಿಂತದ್ದೇ ತಡ, ಹೆಣಗಳ ಮಧ್ಯೆ ಮಕ್ಕಳು ಢಂ ಢಂ ಆಟಕ್ಕಿಳಿಯುತ್ತವೆ. ಇಷ್ಟು ಜೀವ ತೆಗೆದು ಹೊತ್ತು ತಂದ ಚೀಲಗಳಲ್ಲಿ ಇದ್ದದ್ದೇನು? ಕಬ್ಬಿಣದ ವಾಷರ್!

ನಡುವೆ ಸ್ವಲ್ಪ ಎಳೆದಾಟ ಇದೆ. ಹೆಂಗಸರನ್ನು ತೋರಿಸಿರುವ ರೀತಿಯಂತೂ ನನಗೆ ಈಗಲೂ ಇಷ್ಟವಾಗಲಿಲ್ಲ. ರೈಲು ದರೋಡೆ, ಸೇತುವೆ ಸ್ಫೋಟದ ಬಗ್ಗೆ ನಾನು ಬರೆದು ಏನಾಗಬೇಕು, ನೀವೇ ನೋಡಿ.

ಕೊನೆಗೆ ಆ ನಡಿಗೆ. ದರೋಡೆಕೋರರ ನಾಯಕ ಪೈಕ್ “ಹೋಗೋಣ” ಅನ್ನುತ್ತಾನೆ, “ಯಾಕಾಗಬಾರದು” ಅಂತ ಜೊತೆಯವನಿಂದ ಉತ್ತರ ಬರುತ್ತದೆ. ಸೆರೆಸಿಕ್ಕ ಗೆಳೆಯ ಏಂಜೆಲ್‌ನನ್ನು ಬಿಡಿಸಲು ನಾಲ್ವರು, ಎದುರಿಗೆ ಒಂದು ಪಡೆ. ಅವನನ್ನು ಹಿಡಿದಿಟ್ಟ ಮೆಕ್ಸಿಕೋದ ಜನರಲ್ ಮಪಾಚೆ ಏಂಜೆಲ್‌ನ ಕತ್ತು ಕೊಯ್ಯುತ್ತಾನೆ, ಪೈಕ್ ಮಪಾಚೆಯನ್ನು ಅಲ್ಲೇ ಉರುಳಿಸುತ್ತಾನೆ. ಆಮೇಲೆ ಕೆಲವು ಕ್ಷಣ ಯಾರೂ ಅಲುಗಾಡುವುದಿಲ್ಲ. ನಾಲ್ವರಲ್ಲೊಬ್ಬನಾದ ಡಚ್ ಕಿಸಕ್ಕನೆ ನಗುತ್ತಾನೆ. ಇಲ್ಲಿಗೇ ಮುಗಿಸಿ ವಾಪಸ್ ಹೋಗಬಹುದಿತ್ತು, ಅಲ್ವಾ? ಹೋಗುವುದಿಲ್ಲ.

ಮೆಷಿನ್ ಗನ್ ಶುರುವಾದಾಗ ಹಿಂದಿನ ಸಾಲಿನಲ್ಲಿ ಶಿಳ್ಳೆ ಬಿತ್ತು. ಸುಳ್ಳು ಯಾಕೆ ಹೇಳಲಿ, ನಾನೂ ಒಂದು ಹೊಡೆದೆ. ಪೈಕ್ ಪಾತ್ರದ ವಿಲಿಯಂ ಹೋಲ್ಡನ್ ಆ ಗನ್ ಹಿಡಿದು ನಿಂತಿದ್ದ. ಬೆರಳಿನ್ನೂ ನನ್ನ ಬಾಯಲ್ಲೇ ಇತ್ತು, ಅಷ್ಟರಲ್ಲಿ ಅವನ ಹಿಂದೆ ಸಮವಸ್ತ್ರ ತೊಟ್ಟ ಒಬ್ಬ ಪುಟ್ಟ ಹುಡುಗ ರೈಫಲ್ ಎತ್ತಿದ.