ಕುದುರೆ ಡಬ್ಬಿಯೊಳಗಿನ ಹೊಟ್ಟು

ನಮ್ಮ ಷಡ್ಡಕರು ಆನ್‌ಲೈನ್‌ನಲ್ಲಿ ಒಂದು ಡಬ್ಬಿ ತರಿಸಿದರು. ತೂಕ 200 ಗ್ರಾಂ, ಬೆಲೆ 1,499 ರೂಪಾಯಿ. ಡಬ್ಬಿಯ ಮೇಲೆ ಮುಂಗಾಲೆತ್ತಿ ನಿಂತ ಕಪ್ಪು ಕುದುರೆ. ಅದರ ಕೆಳಗೆ ‘ಗಂಡಸರ ಗಟ್ ಹೆಲ್ತ್‌ಗೆ’ ಅಂತ ಚಿನ್ನದ ಬಣ್ಣದ ಅಕ್ಷರ.

“ಇದು ಹೊಟ್ಟೆಗಾ, ಇನ್ನೊಂದಕ್ಕಾ?” ಅಂತ ಕೇಳಿದೆ.

ಅಡುಗೆಮನೆ ಕಡೆ ಒಮ್ಮೆ ನೋಡಿ, ದನಿ ಇಳಿಸಿ, “ಎಲ್ಲಾ ಕನೆಕ್ಟೆಡ್ ಅಂತೆ ಕಣ್ರೀ” ಅಂದರು.

ಡಬ್ಬಿ ತಿರುಗಿಸಿದೆ. ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣಕ್ಷರದಲ್ಲಿ ಒಳಗಿನ ಸಾಮಾನಿನ ಪಟ್ಟಿ: ಇಸಬ್‌ಗೋಲ್ ಹೊಟ್ಟು, ಓಟ್ಸ್ ನಾರು, ಕೋಕೋ ಪರಿಮಳ, ಚಿಟಿಕೆ ಅಶ್ವಗಂಧ. ಅಂದರೆ ನಮ್ಮ ಮೆಡಿಕಲ್ ಶಾಪಿನಲ್ಲಿ ಮಲಬದ್ಧತೆಗೆ ಕೊಡುವ ಅದೇ ಹೊಟ್ಟು ಕುದುರೆ ಹತ್ತಿ ಬಂದಿದೆ. ಡಬ್ಬಿಯ ಮೇಲೆ ನಿಜ ಹೇಳುತ್ತಿರುವುದು ಆ ಕುದುರೆ ಒಂದೇ. ಹುಲ್ಲು, ಹುರುಳಿ ತಿಂದೇ ಅದು ಹಾಗಿರುವುದು. ಯಾವ ಕುದುರೆಯೂ ಪುಡಿ ಕಲಸಿ ಕುಡಿದಿಲ್ಲ.

ಮೊದಲು ಈ ವ್ಯಾಪಾರ ಗೋಡೆಯ ಮೇಲಿತ್ತು. ರೈಲು ಊರು ಮುಟ್ಟುವ ಮುಂಚೆಯೇ ‘ನರದೌರ್ಬಲ್ಯವೇ? ಗುಪ್ತರೋಗವೇ?’ ಅಂತ ಗೋಡೆಗಳು ವಿಚಾರಿಸಿಕೊಳ್ಳುತ್ತಿದ್ದವು. ಪಕ್ಕದಲ್ಲೇ ‘ಇಲ್ಲಿ ಮೂತ್ರ ಮಾಡಬಾರದು’. ಒಂದೇ ಗೋಡೆ, ಎರಡು ಕಾನೂನು, ಎರಡಕ್ಕೂ ಒಂದೇ ಮರ್ಯಾದೆ. ಯಾಕೆಂದರೆ ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಅಂತ ಔಷಧಿಗೆ ಜಾಹೀರಾತು ಕೊಡುವುದನ್ನು 1954ರಲ್ಲೇ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ನಿಷೇಧಿಸಿದೆ. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಜೈಲು. ಹೊಸಬರು ಬುದ್ಧಿವಂತರು. ನಾವು ಔಷಧಿ ಮಾರುತ್ತಿಲ್ಲ, ಆಹಾರ ಮಾರುತ್ತಿದ್ದೇವೆ ಅನ್ನುತ್ತಾರೆ. ರೀಲ್ಸ್‌ನಲ್ಲಿ ‘ಕರುಳು’ ಅಂತ ಹೇಳಿ ಕಣ್ಣು ಹೊಡೆಯುತ್ತಾರೆ. ಕಣ್ಣು ಹೊಡೆಯುವುದಕ್ಕೆ ಯಾವ ಸೆಕ್ಷನ್ ಹಾಕ್ತೀರಿ?

ಇದರಲ್ಲಿ ನನಗೆ ನಗು ತರಿಸುವ ಸಂಗತಿ ಬೇರೆಯೇ ಇದೆ. ಇದೇ ನಾರನ್ನು ಜನ ಮೊದಲು ಮಾರಿದ್ದು ಬೆಂಕಿ ಹಚ್ಚುವುದಕ್ಕಲ್ಲ, ಆರಿಸುವುದಕ್ಕೆ.

1830ರ ದಶಕದ ಅಮೆರಿಕದಲ್ಲಿ ಸಿಲ್ವೆಸ್ಟರ್ ಗ್ರಹಾಂ ಅಂತ ಒಬ್ಬ ಪಾದ್ರಿ ಇದ್ದ. ಮಾಂಸ, ಮಸಾಲೆ ತಿಂದರೆ ಕಾಮ ಕೆರಳುತ್ತದೆ, ಅದು ಕೆರಳಿದರೆ ಮನುಷ್ಯ ಮುಗಿದ ಅನ್ನುವುದು ಅವನ ವಾದ. ಅದಕ್ಕೆ ಅವನು ಹೇಳಿದ ಪಥ್ಯದಲ್ಲಿ ಮುಖ್ಯವಾದದ್ದು ತೌಡು ತೆಗೆಯದ ಗೋಧಿ ಹಿಟ್ಟಿನ ಸಪ್ಪೆ ರೊಟ್ಟಿ. ಯುವಕರನ್ನು ಕೂರಿಸಿಕೊಂಡು ಬ್ರಹ್ಮಚರ್ಯದ ಉಪನ್ಯಾಸ ಬೇರೆ. ಆಮೇಲೆ ಮಿಷಿಗನ್‌ನ ಬ್ಯಾಟಲ್ ಕ್ರೀಕ್‌ನಲ್ಲಿ ಡಾಕ್ಟರ್ ಜಾನ್ ಹಾರ್ವೆ ಕೆಲಾಗ್ ಬಂದರು. ಹೌದು, ಕಾರ್ನ್‌ಫ್ಲೇಕ್ಸ್‌ನವರೇ. ಅವರಿಗೆ ಎರಡೇ ಚಿಂತೆ. ಒಂದು, ಜನರ ಕರುಳು ಕ್ಲೀನ್ ಇರಬೇಕು. ಎರಡು, ಜನರ ಯೋಚನೆಯೂ ಕ್ಲೀನ್ ಇರಬೇಕು. ಮೊದಲನೆಯದಕ್ಕೆ ತೌಡು, ಮೊಸರು, ಎನಿಮಾ. ಮೊಸರನ್ನು ಬಾಯಿಂದ ಕೊಟ್ಟದ್ದು ಸಾಲದೆ ಕೆಳಗಿನಿಂದಲೂ ಕೊಡುತ್ತಿದ್ದರು. ಎರಡನೆಯದಕ್ಕೆ ಸಪ್ಪೆ ಊಟ. ಆ ಮನುಷ್ಯನಿಗೆ ಹೆಂಡತಿ ಇದ್ದರು, ಸಾಕಿದ ಮಕ್ಕಳು ಹತ್ತಾರು ಇದ್ದರು, ಹೆತ್ತ ಮಕ್ಕಳು ಒಂದೂ ಇರಲಿಲ್ಲ. ತಮ್ಮ ವಿಲ್ ಕೀತ್ 1906ರಲ್ಲಿ ಫ್ಲೇಕ್ಸ್ ಕಂಪನಿ ಶುರು ಮಾಡಿ ಅದಕ್ಕೆ ಸಕ್ಕರೆ ಹಾಕಿದ. ಅಣ್ಣ ತಮ್ಮಂದಿರು ಕೋರ್ಟು ಹತ್ತಿದರು. ಸಕ್ಕರೆ ಗೆದ್ದಿತು.

ತೌಡು ಮಾತ್ರ ಅವತ್ತೂ ತೌಡೇ, ಇವತ್ತೂ ತೌಡೇ. ಅವತ್ತು ಅದನ್ನು ತಿಂದರೆ ಸನ್ಯಾಸಿ ಆಗ್ತೀಯ ಅಂದರು. ಇವತ್ತು ಕುದುರೆ ಆಗ್ತೀಯ ಅಂತಾರೆ. ನಮ್ಮಲ್ಲಿ ತೌಡು ಕುಟ್ಟುವುದು ಅಂತ ಸುಮ್ನೆ ಅಂದಿದ್ದಾರಾ?

ಹಾಗಂತ ಸಂಬಂಧವೇ ಇಲ್ಲ ಅಂದರೆ ಅದೂ ಸುಳ್ಳು. ಹೃದಯದ ರಕ್ತನಾಳ 3–4 ಮಿಲಿಮೀಟರ್ ಅಗಲ. ಷಡ್ಡಕರ ಚಿಂತೆಯ ಜಾಗದಲ್ಲಿರುವುದು 1–2 ಮಿಲಿಮೀಟರ್. ಬೀದಿಯ ದೊಡ್ಡ ಪೈಪಿಗಿಂತ ಮೊದಲು ಮನೆಯೊಳಗಿನ ಸಣ್ಣ ಪೈಪ್ ಕಟ್ಟಿಕೊಳ್ಳುತ್ತದೆ, ಅಲ್ವಾ? ಹಾಗೆ. ಶುಗರ್, ಕೊಲೆಸ್ಟ್ರಾಲ್ ಜಾಸ್ತಿಯಾದರೆ ತೊಂದರೆ ಎಷ್ಟೋ ಸಲ ಅಲ್ಲಿ ಮೊದಲು ಕಾಣುತ್ತದೆ, ಎದೆನೋವು ಆಮೇಲೆ ಬರುತ್ತದೆ. ಅದಕ್ಕೇ ಒಳ್ಳೆ ಡಾಕ್ಟರು ಈ ದೂರು ಕೇಳಿದ ಕೂಡಲೇ ಬಿಪಿ, ಶುಗರ್ ನೋಡುವುದು. ನಾರು ಊಟದ ಸಕ್ಕರೆ ರಕ್ತಕ್ಕೆ ನುಗ್ಗುವುದನ್ನು ನಿಧಾನ ಮಾಡುತ್ತದೆ, ಕೊಲೆಸ್ಟ್ರಾಲ್ ಸ್ವಲ್ಪ ಇಳಿಸುತ್ತದೆ. ಉಳಿದದ್ದನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ದೋಸೆ ಹಿಟ್ಟಿನ ಹಾಗೆ ಹುಳಿ ಬರಿಸಿಕೊಂಡು ತಿನ್ನುತ್ತವೆ. ಅಷ್ಟೇ. ಕುದುರೆ ಎಲ್ಲೂ ಬರುವುದಿಲ್ಲ.

ಇಟಲಿಯಲ್ಲಿ ಈ ತೊಂದರೆ ಇದ್ದ 110 ದಪ್ಪ ಗಂಡಸರನ್ನು ಇಟ್ಟುಕೊಂಡು ನೋಡಿದರು. ವರದಿ ಬಂದದ್ದು 2004ರಲ್ಲಿ. ಅರ್ಧ ಜನಕ್ಕೆ ತೂಕ ಇಳಿಸುವ ಊಟ, ನಡಿಗೆ, ವ್ಯಾಯಾಮ ಹೇಳಿಕೊಟ್ಟು ಬೆನ್ನು ಹತ್ತಿದರು. ಉಳಿದರ್ಧಕ್ಕೆ ಮಾಮೂಲಿ ಸಲಹೆ ಕೊಟ್ಟು ಬಿಟ್ಟರು. ಎರಡು ವರ್ಷದ ಮೇಲೆ ಮೊದಲ ಗುಂಪಿನಲ್ಲಿ 17 ಜನ ಸರಿಹೋಗಿದ್ದರು, ಎರಡನೆಯದರಲ್ಲಿ 3. ಎರಡು ವರ್ಷ! ಷಡ್ಡಕರ ಡಬ್ಬಿ ‘21 ರಾತ್ರಿ’ ಅನ್ನುತ್ತದೆ.

ನಮಗೆ ದಿನಕ್ಕೆ 30 ಗ್ರಾಂ ಆಸುಪಾಸು ನಾರು ಬೇಕು. ನೂರು ಗ್ರಾಂ ರಾಗಿಯಲ್ಲೇ 11 ಗ್ರಾಂ ಇದೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ 3 ಕೂಡ ಇಲ್ಲ. ಎರಡು ಮುದ್ದೆ, ಹುರುಳಿ ಸಾರು, ಒಂದು ಸೊಪ್ಪಿನ ಪಲ್ಯ ಅಂದರೆ ಲೆಕ್ಕ ಹತ್ತಿರ ಬಂತು. ಆದರೆ ಮುದ್ದೆಗೆ ಯಾರು ಕುದುರೆ ಅಂಟಿಸುತ್ತಾರೆ? ನಮ್ಮ ತಾತ ನಾಲ್ಕು ಮುದ್ದೆ ಉಂಡು ಎಂಟು ಮಕ್ಕಳನ್ನು ಸಾಕಿದರು. ಅವರಿಗೆ ಕರುಳು ಅಂತ ಒಂದಿದೆ ಅಂತ ಗೊತ್ತಾದದ್ದೇ ಹರ್ನಿಯಾ ಆಪರೇಷನ್ ದಿನ.

ಷಡ್ಡಕರು ಡಾಕ್ಟರ ಹತ್ತಿರವೂ ಹೋಗಿದ್ದರಂತೆ. ಕುರ್ಚಿಯಲ್ಲಿ ಕೂತು “ಸ್ವಲ್ಪ ವೀಕ್ನೆಸ್ಸು ಸಾರ್” ಅಂದಿದ್ದಾರೆ. ಡಾಕ್ಟರು “ಎಲ್ಲಿ?” ಅಂದರೆ “ಹೊಟ್ಟೆಯಲ್ಲಿ” ಅಂದಿದ್ದಾರೆ. ಗ್ಯಾಸ್ ಮಾತ್ರೆ ಬರೆದು ಕಳಿಸಿದರು. ತಪ್ಪು ಯಾರದು? ನಮ್ಮಲ್ಲಿ ನಾಲ್ಕು ಜನರೆದುರು ತೇಗಬಹುದು, ಮೋಷನ್ ಆಯ್ತಾ ಅಂತ ಬೀಗರನ್ನೂ ಕೇಳಬಹುದು. ಅದೊಂದನ್ನು ಮಾತ್ರ ಡಾಕ್ಟರಿಗೂ ಹೇಳುವಂತಿಲ್ಲ.

ಮನೆಗೆ ಬಂದು ಪುಡಿ ಶುರು ಮಾಡಿದರು. ಬೇಗ ಗುಣ ಆಗಲಿ ಅಂತ ಮೊದಲ ರಾತ್ರಿಯೇ ಒಂದರ ಜಾಗದಲ್ಲಿ ಮೂರು ಚಮಚ. ಅಭ್ಯಾಸವಿಲ್ಲದ ಕರುಳಿಗೆ ಒಮ್ಮೆಗೇ ಅಷ್ಟು ನಾರು ಬಿದ್ದರೆ ಏನಾಗುತ್ತದೆ ಅಂತ ಬ್ಯಾಕ್ಟೀರಿಯಾಗಳು ರಾತ್ರಿಯೆಲ್ಲ ತಿಳಿಸಿದವು. ಹೊಟ್ಟೆ ತಮಟೆ. ನಾದಿನಿ ದಿಂಬು ತೆಗೆದುಕೊಂಡು ಹಾಲ್‌ಗೆ ಬಂದು ಮಲಗಿದಳು.

ಮಾರನೆ ದಿನ ಅವರು ಡಬ್ಬಿಯನ್ನು ರವೆ ಡಬ್ಬಿಯ ಹಿಂದೆ ಬಚ್ಚಿಟ್ಟರು. ಅಡುಗೆಮನೆಯಲ್ಲಿ ನಮ್ಮ ಅತ್ತೆಯ ಕಣ್ಣು ತಪ್ಪಿಸಿ ಏನನ್ನೂ ಇಡಲಾಗುವುದಿಲ್ಲ ಅಂತ ಆ ಮನುಷ್ಯನಿಗೆ ಮದುವೆಯಾಗಿ ಇಪ್ಪತ್ತು ವರ್ಷವಾದರೂ ಗೊತ್ತಾಗಿಲ್ಲ. ಅತ್ತೆಗೆ ಎಪ್ಪತ್ನಾಲ್ಕು. ಇಂಗ್ಲಿಷ್ ಬರುವುದಿಲ್ಲ. ಕುದುರೆ ನೋಡಿ ಹಾರ್ಲಿಕ್ಸ್ ಥರದ್ದು ಅಂದುಕೊಂಡು ದಿನಾ ರಾತ್ರಿ ಒಂದೊಂದು ಚಮಚ ಬಿಸಿ ಹಾಲಿಗೆ ಹಾಕಿ ಕುಡಿದಿದ್ದಾರೆ.

ಹೋದ ಭಾನುವಾರ ಊಟಕ್ಕೆ ಎಲ್ಲರೂ ಕೂತಿದ್ದೆವು. ಅತ್ತೆ ಖಾಲಿ ಡಬ್ಬಿ ತಂದು ಷಡ್ಡಕರ ತಟ್ಟೆ ಪಕ್ಕದಲ್ಲಿ ಇಟ್ಟರು.

“ಅಳಿಯಂದ್ರೇ, ಹತ್ತು ವರ್ಷದಿಂದ ಕಾಡ್ತಿದ್ದದ್ದು ಹದಿನೈದು ದಿನಕ್ಕೆ ಸರಿಹೋಯ್ತು. ಬೆಳಗ್ಗೆ ಎದ್ದರೆ ಐದೇ ನಿಮಿಷ. ಇನ್ನೊಂದು ಡಬ್ಬಿ ತರಿಸಿಕೊಡಿ. ಪಕ್ಕದ ಮನೆ ಅಜ್ಜಿಗೂ ಒಂದು ಬೇಕಂತೆ.”