ಉಳ್ಳಾಲದ ಮಳೆ, ಉಪ್ಪಳದ ಮಳೆ

ಸೋಮವಾರ ಬೆಳಗ್ಗೆ ನಮ್ಮ ಮನೆಯಲ್ಲಿ ಅರ್ಧ ಮಳೆ ಬಂತು. ಆಕಾಶದಿಂದ ಬಿದ್ದದ್ದು ಪೂರ್ತಿ ಮಳೆಯೇ. ಆದರೆ ಮಗ ಹೋಗುವುದು ಗಡಿಯಾಚೆ ಕರ್ನಾಟಕದ ಮಂಗಳೂರಿನ ಕಾಲೇಜಿಗೆ, ಮಗಳು ಇಲ್ಲೇ ಕೇರಳದ ಉಪ್ಪಳದ ಹತ್ತಿರದ ಶಾಲೆಗೆ. ಮಂಗಳೂರಿನ ಕಡೆ ರಜೆ ಕೊಟ್ಟರು. ಕಾಸರಗೋಡಿನ ಕಡೆ ಕೊಡಲಿಲ್ಲ. ಒಂದೇ ಮಾಡು, ಒಂದೇ ಸೋರುವ ಹಂಚು, ಅದರ ಕೆಳಗೆ ಒಂದೇ ಬಕೆಟ್ಟು. ಮಗ ಕಂಬಳಿ ಎಳೆದುಕೊಂಡು ಮಲಗಿದ. ಮಗಳು ಕೊಡೆ ಹಿಡಿದು ಹೊರಟಳು. ಗೇಟಿನ ಹತ್ತಿರ ನಿಂತು, "ಅಣ್ಣನ ಮೇಲೆ ಬೀಳುವ ಮಳೆ ಜಾಸ್ತಿ ಡೇಂಜರಾ ಅಪ್ಪಾ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮರುದಿನ ನಮ್ಮ ಕಡೆ ರೆಡ್ ಅಲರ್ಟ್. ರಜೆ. ಆ ರಜೆ ಪ್ರಕಟವಾಗುವಾಗ ಮಗಳ ಬಸ್ಸು ಆಗಲೇ ಹೋಗಿಯಾಗಿತ್ತು, ಅದು ಬೇರೆ ವಿಷಯ. ಒಂಬತ್ತು ಗಂಟೆಗೆ ಬಿಸಿಲು ಎಂಥ ಬಿಸಿಲು ಅಂದರೆ, ನನ್ನ ಹೆಂಡತಿ ವಾರದಿಂದ ಹಸಿಯಾಗಿದ್ದ ಬಟ್ಟೆಗಳನ್ನೆಲ್ಲ ಹೊರಗೆ ಹಾಕಿದಳು. ನಿಂತೇ ಹೋಗಿದ್ದ ಹಲಸಿನ ಹಪ್ಪಳದ ಕೊನೆಯ ಕಂತನ್ನೂ ಚಾಪೆಯ ಮೇಲೆ ಹರಡಿದಳು. ಮೇ ತಿಂಗಳಿಡೀ ಸರಿಯಾಗಿ ಒಣಗದ ಹಪ್ಪಳ ರೆಡ್ ಅಲರ್ಟಿನ ದಿನ ಗರಿಗರಿಯಾಯಿತು. "ನಾಳೆಯೂ ರೆಡ್ ಕೊಡ್ತಾರಾ ನೋಡಿ" ಅಂದಳು. ಹೀಗೆ ನಮ್ಮ ಮನೆಯಲ್ಲಿ ಮುನ್ಸೂಚನೆಗೆ ಒಂದು ಉಪಯೋಗ ಸಿಕ್ಕಿತು.

ಹಾಗಂತ ಹವಾಮಾನದವರನ್ನು ಬೈಯುವುದು ಸರಿಯಲ್ಲ. ಅವರ ಕೆಲಸ ಅವರು ಮಾಡುತ್ತಾರೆ. ಅವರು ಬಣ್ಣ ಹಾಕುವುದು ಇಡೀ ಜಿಲ್ಲೆಗೆ. ನಮ್ಮ ಜಿಲ್ಲೆಯಲ್ಲಿ ಮಂಜೇಶ್ವರದ ಕಡಲೂ ಉಂಟು, ರಾಣಿಪುರದ ಗುಡ್ಡವೂ ಉಂಟು. ವೆಳ್ಳರಿಕುಂಡಿನಲ್ಲಿ ಹೊಳೆ ಉಕ್ಕಿದರೆ ಉಪ್ಪಳದ ಹಪ್ಪಳವೂ ಕೆಂಪು ಬಣ್ಣದಲ್ಲೇ ಒಣಗಬೇಕು. ಅಳತೆಯಂತೂ ಬಲು ನಿಖರ. 24 ಗಂಟೆಯಲ್ಲಿ 64.5 ಮಿಲಿಮೀಟರಿನಿಂದ 115.5ರ ತನಕ ಹಳದಿ. 115.6ರಿಂದ 204.4ರ ತನಕ ಕಿತ್ತಳೆ. ಅದರಾಚೆ ಕೆಂಪು. ಆ ಪಾಯಿಂಟ್ ನಾಲ್ಕು ಇದೆಯಲ್ಲ, ಅದರ ಮೇಲೆ ನನಗೆ ವಿಶೇಷ ಗೌರವ. ನಮ್ಮ ಹಂಚಿನ ಕೆಳಗಿನ ಬಕೆಟ್ಟಿನಲ್ಲಿ ಎರಡೇ ಅಳತೆ: ತುಂಬಿತು, ತುಂಬಲಿಲ್ಲ.

ಮೊದಲು ನಮ್ಮ ಅಜ್ಜಿಯ ಹತ್ತಿರ ಇನ್ನೊಂದು ಲೆಕ್ಕ ಇತ್ತು. ಪತ್ತನಾಜೆಯ ದಿನ ಹತ್ತು ಹನಿಯಾದರೂ ಬೀಳಬೇಕು. ಪತ್ತನಾಜೆ ಅಂದರೆ ತುಳುವರ ಬೇಶ ತಿಂಗಳ ಹತ್ತು, ಮೇ 24ರ ಆಸುಪಾಸು. ಅಂದಿಗೆ ಭೂತದ ಕೋಲ, ನೇಮ, ಯಕ್ಷಗಾನ ಮೇಳದ ಆಟ ಎಲ್ಲ ನಿಲ್ಲುತ್ತದೆ. ಗೆಜ್ಜೆ ಬಿಚ್ಚಿ ಒಳಗೆ ಇಡುತ್ತಾರೆ. ತಮಾಷೆ ಏನೆಂದರೆ, ಕಾಸರಗೋಡು ಜಿಲ್ಲೆ ಹುಟ್ಟಿದ್ದೂ 1984ರ ಮೇ 24ಕ್ಕೆ. ಎಲ್ಲರೂ ಗೆಜ್ಜೆ ಬಿಚ್ಚುವ ಹೊತ್ತಿಗೆ ನಮ್ಮ ಜಿಲ್ಲೆ ಗೆಜ್ಜೆ ಕಟ್ಟಿತು. ತಾಳ ತಪ್ಪದೆ ಇನ್ನೇನಾಗುತ್ತದೆ?

ಮಳೆಗಿಂತ ಮಜಾ ಇರುವುದು ಚಂಡಮಾರುತದ ಹೆಸರಿನಲ್ಲಿ. ಅರಬ್ಬಿ ಸಮುದ್ರದಲ್ಲಿ ಅದಕ್ಕೆ ವರ್ಷಕ್ಕೆ ಎರಡು ಸೀಸನ್, ಮಳೆಗಾಲಕ್ಕೆ ಮೊದಲು ಮೇ-ಜೂನ್, ಆಮೇಲೆ ಅಕ್ಟೋಬರಿನಿಂದ ಡಿಸೆಂಬರ್. ಹೆಸರಿಡಲು 13 ದೇಶಗಳು ಸೇರಿ 2020ರಲ್ಲಿ ಹೊಸ ಪಟ್ಟಿ ಮಾಡಿದವು. ಒಂದೊಂದು ದೇಶಕ್ಕೆ 13, ಒಟ್ಟು 169 ಹೆಸರು. ನಮ್ಮ ಕಡೆ ಒಂದು ಮಗುವಿಗೆ ಹೆಸರಿಡಲು ಎರಡು ಮನೆಯವರು ಒಪ್ಪಲು ಮೂರು ತಿಂಗಳು ಬೇಕು. ಇವರು 169ಕ್ಕೆ ಒಪ್ಪಿದ್ದಾರೆ. ಮೆಚ್ಚಲೇಬೇಕು.

2021ರ ಮೇ ತಿಂಗಳಲ್ಲಿ ಬಂದದ್ದು ತೌಕ್ತೆ. ಮ್ಯಾನ್ಮಾರಿನವರು ಇಟ್ಟ ಹೆಸರು, ಅರ್ಥ ಹಲ್ಲಿ. ಟಿವಿಯವರು ತೌಕ್ತೆ, ಟೌಕ್ಟೆ, ತೌತೆ ಅಂತ ಒದ್ದಾಡುತ್ತಿದ್ದಾಗ ಯಾರಾದರೂ "ಹಲ್ಲಿ ಬರುತ್ತಾ ಇದೆ" ಅಂದಿದ್ದರೆ ಸಾಕಿತ್ತು. ನಮಗೆ ಹಲ್ಲಿ ನುಡಿದರೆ ಕೂಡಲೇ ಗೊತ್ತಾಗುತ್ತದೆ. ಯಾವ ದಿಕ್ಕಿನ ಗೋಡೆ, ಯಾವ ವಾರ, ಎಷ್ಟು ಸಲ ಲೊಚಗುಟ್ಟಿತು, ಎಲ್ಲಕ್ಕೂ ಪಂಚಾಂಗದಲ್ಲಿ ಫಲ ಬರೆದಿದೆ. 2023ರ ಜೂನ್‌ನಲ್ಲಿ ಬಿಪರ್‌ಜಾಯ್. ಎಲ್ಲೋ ಜಾಯ್ ಅಂತ ಕೇಳಿ ಮಕ್ಕಳಿಗೆ ಖುಷಿ. ಅದು ಬಂಗಾಳಿ ಮಾತು, ಸರಿಯಾಗಿ ನೋಡಿದರೆ ನಮ್ಮ 'ವಿಪರ್ಯಯ'ವೇ. ಢಾಕಾದಿಂದ ಹೊರಟ ಸಂಸ್ಕೃತ ಪದ ದೆಹಲಿಗೆ ಹೋಗಿ, ಇಂಗ್ಲಿಷಿನ ಅಂಗಿ ಹಾಕಿಕೊಂಡು ಮಂಜೇಶ್ವರಕ್ಕೆ ಬರುವಾಗ ಗುರುತೇ ಸಿಗಲಿಲ್ಲ.

ಕಳೆದ ವರ್ಷ ಅಕ್ಟೋಬರ್‌ನಲ್ಲಿ, ಅಂದರೆ 2025ರಲ್ಲಿ, ಶ್ರೀಲಂಕಾದವರು ಇಟ್ಟ ಹೆಸರು ಬಂತು: ಶಕ್ತಿ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಹೆಂಗಸರು ನಕ್ಕದ್ದೇ ನಕ್ಕದ್ದು. ಕರ್ನಾಟಕದ ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್‌ನಲ್ಲಿ. ಹೆಂಗಸರಿಗೆ ಬಸ್ಸು ಫ್ರೀ, ಆದರೆ ತಲಪಾಡಿಯ ತನಕ. ಆ ಶಕ್ತಿಯೂ ಗಡಿ ದಾಟಲಿಲ್ಲ. ಈ ಶಕ್ತಿಯೂ ನಮ್ಮ ಕಡೆ ತಿರುಗಿ ನೋಡದೆ ಪಡುವಣಕ್ಕೇ ಹೋಯಿತು. "ಶಕ್ತಿ ಅಂತ ಹೆಸರಿಟ್ಟರೆ ಇಲ್ಲಿಗೆ ಬರುವುದಿಲ್ಲ, ಮುಂದಿನ ಎಲ್ಲ ಗಾಳಿಗೂ ಅದೇ ಇಡಿ" ಅಂದಳು ಬಸಳೆ ಮಾರುವ ಅಕ್ಕ. ಹೆಸರಿಡುವ ಸಮಿತಿಗೆ ಸೇರಿಸಬೇಕಾದವಳು.

ಅದಾದ ಮುಂದಿನ ತಿಂಗಳು ಮಾತ್ರ ನಗು ನಿಂತಿತು. ಯೆಮನ್ ಇಟ್ಟ ಹೆಸರು ಡಿಟ್ವಾ. ಸೊಕೋತ್ರಾ ಎಂಬ ಅವರ ದ್ವೀಪದಲ್ಲಿರುವ ಚೆಂದದ ಒಂದು ಹಿನ್ನೀರಿನ ಹೆಸರು. ಒಂದು ದ್ವೀಪದ ನೀರಿನ ಹೆಸರು ಹೊತ್ತ ಗಾಳಿ ಇನ್ನೊಂದು ದ್ವೀಪಕ್ಕೆ ಬಡಿಯಿತು. ಶ್ರೀಲಂಕಾದಲ್ಲಿ ನೂರಾರು ಜನ ಸತ್ತರು. ಶಕ್ತಿ ಅಂತ ಹೆಸರು ಕೊಟ್ಟ ಅದೇ ಶ್ರೀಲಂಕಾ.

ದ್ವೀಪ ಅಂದಾಗ ನಮ್ಮ ಆಚೆಮನೆಯ ಕಾಕಾನ ವಿಷಯ ಹೇಳಬೇಕು. ನಾನು ಯಾವ ಶಾಲೆಯಲ್ಲೂ ಕಲಿಸಿದವನಲ್ಲ. ಏನೋ ಬರೆಯುತ್ತೇನೆ ಎಂಬ ಕಾರಣಕ್ಕೆ ಅವರು ನನ್ನನ್ನು "ಮಾಷ್ಟ್ರೇ" ಅನ್ನುತ್ತಾರೆ. ಕಾಕಾ ಪ್ರಾಯದಲ್ಲಿ ಮಂಗಳೂರಿನ ಬಂದರಿನಿಂದ ಲಕ್ಷದ್ವೀಪಕ್ಕೆ ಹೋಗುವ ಮಂಜಿಯಲ್ಲಿ, ಅಂದರೆ ಸರಕಿನ ಹಡಗಿನಲ್ಲಿ, ಅಡುಗೆಗೆ ಇದ್ದವರು. ಅಕ್ಕಿ, ಬೆಲ್ಲ, ಈರುಳ್ಳಿ, ಸಿಮೆಂಟು, ಜಲ್ಲಿ ಎಲ್ಲ ಮಂಜಿಯಲ್ಲೇ ಹೋಗಬೇಕು. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದ ತನಕ ಮಂಜಿ ಬಂದ್. ಅಷ್ಟರೊಳಗೆ ನಾಲ್ಕು ತಿಂಗಳಿನ ಸಾಮಾನು ಅಲ್ಲಿಗೆ ಮುಟ್ಟಿರಬೇಕು.

ಅಲ್ಲಿಯೂ ಈಗ ಬಣ್ಣಬಣ್ಣದ ಅಲರ್ಟ್ ಹೋಗುತ್ತದೆ. ತಗ್ಗಿನಲ್ಲಿರುವವರು ಎತ್ತರದ ಸುರಕ್ಷಿತ ಜಾಗಕ್ಕೆ ಹೋಗಬೇಕು ಅಂತ. ಇದನ್ನು ಕೇಳಿ ಕಾಕಾ ನಕ್ಕು ನಕ್ಕು ಕೆಮ್ಮಿದರು. "ಮಾಷ್ಟ್ರೇ, ದ್ವೀಪದಲ್ಲಿ ಎತ್ತರ ಅಂದರೆ ತೆಂಗಿನಮರ. ಇಲ್ಲದಿದ್ದರೆ ಮಸೀದಿಯ ಮಹಡಿ. ಈ ಕಡೆಯ ಕಡಲಿಗೆ ಬೆನ್ನು ಹಾಕಿದರೆ ಆ ಕಡೆಯ ಕಡಲು ಎದುರು ನಿಲ್ಲುತ್ತದೆ. ಎಲ್ಲಿಗೆ ಹತ್ತುವುದು?"

ಕಲ್ಪೇನಿ ದ್ವೀಪದಲ್ಲಿ ಒಂದು ಒಡ್ಡು ಉಂಟು. 1847ರ ಬಿರುಗಾಳಿಯಲ್ಲಿ ಕಡಲೇ ಹವಳದ ಕಲ್ಲುಗಳನ್ನು ಎತ್ತಿ ದಡಕ್ಕೆ ಎಸೆದು ಮಾಡಿದ ಒಡ್ಡು. ಆ ಗಾಳಿಗೆ ಹೆಸರು ಇರಲಿಲ್ಲ, ಬಣ್ಣ ಇರಲಿಲ್ಲ. ಟೆಂಡರು ಇರಲಿಲ್ಲ. ಒಡ್ಡು ಇನ್ನೂ ಇದೆ. ನಮ್ಮ ದಡದಲ್ಲಿ ಸರಕಾರಿ ಕಲ್ಲಿನ ತಡೆಗೋಡೆ ಮೂರು ಮಳೆಗಾಲ ಕಂಡರೆ ಅದಕ್ಕೆ ಸನ್ಮಾನ ಮಾಡಬಹುದು.

ಈ ಕಲ್ಲಿನ ವಿಷಯಕ್ಕೆ ಬಂದರೆ ತಮಾಷೆ ಮಾಡಲು ಮನಸ್ಸೇ ಬರುವುದಿಲ್ಲ. 2021ರಲ್ಲಿ ಆ ಹಲ್ಲಿ ಬಂದಾಗ ಉಪ್ಪಳದ ಮುಸೋಡಿಯಲ್ಲಿ ಎರಡು ಅಂತಸ್ತಿನ ಮನೆ ಕಡಲಿಗೆ ಬಿತ್ತು. ಎಲ್ಲರೂ ನೋಡಿದ್ದೀರಿ, ಫೋನಿನಲ್ಲಿ. ನೂರು ಸಲ ಫಾರ್ವರ್ಡ್ ಆಗಿ ನನಗೇ ನಾಲ್ಕು ಸಲ ಬಂತು. ನಗುವ ಚಿತ್ರ ಹಾಕಿ ಕಳುಹಿಸಿದವನೂ ಇದ್ದ. ಕಡಲ್ಕೊರೆತ ಅದೇ ಮೊದಲಲ್ಲ, ಅದೇ ಕೊನೆಯೂ ಅಲ್ಲ. ಜನವರಿಯಲ್ಲಿ ಕಡಲು ಮಲಗಿರುವಾಗ ಯಾರೂ ಈ ಕಡೆ ಬರುವುದಿಲ್ಲ. ಜೂನ್‌ನಲ್ಲಿ ಬರುತ್ತಾರೆ. ಒಬ್ಬರು ಬರುತ್ತಾರೆ, ಅವರಿಗೆ ಕೊಡೆ ಹಿಡಿಯಲು ಇನ್ನೊಬ್ಬರು, ಫೋಟೋ ತೆಗೆಯಲು ಮತ್ತೊಬ್ಬರು. ಕಡಲು ಬಾಯಿ ತೆರೆದಿರುವಾಗಲೇ ಲಾರಿಯಿಂದ ಕಲ್ಲು ಸುರಿಯುತ್ತಾರೆ. ತಿನ್ನುವ ಹೊತ್ತಿಗೆ ಬಡಿಸಿದ ಹಾಗೆ. ನನಗೆ ಸಾಕಾಗಿದೆ. ಎಷ್ಟು ವರ್ಷ ಇದನ್ನೇ ಬರೆಯುವುದು? ಬಣ್ಣ ಹೇಳಲು ಉಪಗ್ರಹ ಇದೆ, ಹೆಸರಿಡಲು 13 ದೇಶ ಇವೆ, ಗೋಡೆ ಕಟ್ಟಲು ಒಂದು ಬೇಸಗೆ ಸಿಗುವುದಿಲ್ಲ.

2017ರ ನವೆಂಬರ್ ಕೊನೆಗೆ ಓಖಿ ಬಂದಾಗ ಇದರ ತಿರುವುಮುರುವು. ಎಚ್ಚರಿಕೆ ಮುಟ್ಟುವಾಗ ದಕ್ಷಿಣದ ಎಷ್ಟೋ ದೋಣಿಗಳು ಆಗಲೇ ಆಳಕಡಲಿಗೆ ಹೋಗಿಯಾಗಿತ್ತು. ಹೋದವರಲ್ಲಿ ತುಂಬ ಜನ ತಿರುಗಿ ಬರಲಿಲ್ಲ. ಓಖಿ ಅಂದರೆ ಬಂಗಾಳಿಯಲ್ಲಿ ಕಣ್ಣು. ಅಂದಿನಿಂದ ಎಲ್ಲರಿಗೂ ಹೆದರಿಕೆ. ಹೇಳಲಿಲ್ಲ ಅಂತ ಬೈಸಿಕೊಳ್ಳುವುದಕ್ಕಿಂತ ಹೇಳಿಬಿಡುವುದು ಲೇಸು. ಹಾಗಾಗಿ ಈಗ ಗಾಳಿಗೆ ಹೇಳುತ್ತಾರೆ, ಮಿಂಚಿಗೆ ಹೇಳುತ್ತಾರೆ, ತೆರೆಗೆ ಹೇಳುತ್ತಾರೆ. 'ಕಳ್ಳಕ್ಕಡಲ್' ಅಂತ ಒಂದು ಅಲರ್ಟ್ ಇದೆ. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎಲ್ಲೋ ಬಿರುಗಾಳಿ ಎದ್ದು, ಇಲ್ಲಿ ಗಾಳಿ ಇಲ್ಲದೆಯೂ ತೆರೆ ಉಬ್ಬಿ ಬಂದು ಅಂಗಳಕ್ಕೆ ನುಗ್ಗುವುದು. ಕೇರಳದ ಮೀನುಗಾರರ ಮಾತು, 2012ರಲ್ಲಿ ಯುನೆಸ್ಕೋ ಕೂಡ ಒಪ್ಪಿದೆ. ಕಳ್ಳ ಬರುತ್ತಾನೆ ಅಂತ ಎರಡು ದಿನ ಮೊದಲೇ ತಿಳಿದರೆ ಅವನು ಕಳ್ಳನಾ, ನೆಂಟನಾ ಅಂತ ನನಗೆ ಸಂಶಯ. ಬಂದಾಗ ಕೋಣೆ ಖಾಲಿ ಮಾಡಿಕೊಡುವುದಂತೂ ಇಬ್ಬರಿಗೂ ಒಂದೇ.

ಗಡಿಯ ತಮಾಷೆಗೆ ಕಡಲಲ್ಲೂ ಬಿಡುವಿಲ್ಲ. ಟ್ರಾಲಿಂಗ್ ನಿಷೇಧ ಕರ್ನಾಟಕದಲ್ಲಿ ಜೂನ್ 1ರಿಂದ, 61 ದಿನ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ, 52 ದಿನ. ಮೀನು ಮೊಟ್ಟೆ ಇಡುವ ಕಾಲ ಅಂತ ಕಾರಣ. ಉಳ್ಳಾಲದ ಮೀನಿಗೆ ಒಂದನೇ ತಾರೀಕಿಗೇ ಬಾಣಂತನದ ರಜೆ. ಮಂಜೇಶ್ವರದ ಮೀನು ಇನ್ನೂ ಒಂಬತ್ತು ದಿನ ಹೇಗಾದರೂ ತಡೆದುಕೊಳ್ಳಬೇಕು. ನನ್ನ ಮಗಳ ಹಾಗೆ.

ಇನ್ನೊಂದು ಹಳೆಯ ಲೆಕ್ಕ ಇದೆ, ಕಾಕಾನಿಗೆ ಹೇಳಿದಾಗ ಅವರೇ ಸುಮ್ಮನೆ ಕೂತರು. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾತ್, ಬಿತ್ರಾ, ಈ ಐದು ದ್ವೀಪಗಳು ಮೊದಲು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಕಾಸರಗೋಡು ತಾಲೂಕೂ ಅದೇ ಜಿಲ್ಲೆಯದ್ದು. 1956ರ ನವೆಂಬರ್ 1ಕ್ಕೆ ಒಂದೇ ದಿನ ಎರಡೂ ಬಿಟ್ಟುಹೋದವು. ಅವು ಕೇಂದ್ರದ ಕೈಗೆ, ನಾವು ಕೇರಳಕ್ಕೆ. ದ್ವೀಪದ ಸುತ್ತ ನೀರಾದರೂ ಉಂಟು, ನೋಡಿದವರಿಗೆ ದ್ವೀಪ ಅಂತ ಗೊತ್ತಾಗುತ್ತದೆ. ನಮ್ಮದು ಹಾಗೆ ಕಾಣುವುದಿಲ್ಲ.

ಮೊನ್ನೆ ಸಂಜೆ ಕಾಕಾ ಫೋನು ಹಿಡಿದುಕೊಂಡು ಓಡೋಡಿ ಬಂದರು. ಎಚ್ಚರಿಕೆಯ ಮೆಸೇಜು. ಮಲಯಾಳದಲ್ಲಿ. ಕಾಕಾ ಮಲಯಾಳ ಮಾತಾಡಿದರೆ ಕೇಳುವವರು ಅವರ ಊರು ತಲಶ್ಶೇರಿಯಾ ಅನ್ನಬೇಕು. ಆದರೆ ಕಲಿತದ್ದು ಐದನೆಯ ತನಕ, ಕನ್ನಡ ಶಾಲೆಯಲ್ಲಿ. ಓದಲು ಬರುವುದಿಲ್ಲ. ನನಗೆ ಓದಲೂ ಬರುವುದಿಲ್ಲ, ಮಾತೂ ಅಷ್ಟಕ್ಕಷ್ಟೇ. ಅವರ ಮಗ ನಾಡದೋಣಿ ತೆಗೆದುಕೊಂಡು ಹೋಗುವವನು, ಆದ್ದರಿಂದ ಮುದುಕನ ಕೈ ನಡುಗುತ್ತಿತ್ತು.

"ಮಗಳು ಶಾಲೆಯಲ್ಲಿ ಕಲಿಯುತ್ತಾಳಲ್ಲ, ಅವಳು ಓದುತ್ತಾಳೆ" ಅಂದೆ. ಟ್ಯೂಷನ್ನಿಗೆ ಹೋದವಳು ಬರುವ ತನಕ ಇಬ್ಬರೂ ಜಗಲಿಯಲ್ಲಿ ಕೂತೆವು. ಕರೆಂಟು ಹೋಯಿತು. ಆಕೆ ಬಂದು, ಕಾಲು ತೊಳೆದು, ಫೋನಿನ ಬೆಳಕಿನಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ಮುಂದಿನ ಮೂರು ಗಂಟೆಗಳಲ್ಲಿ ಗುಡುಗು ಮಿಂಚಿನ ಜೊತೆ ಮಳೆ. ಗಂಟೆಗೆ 40 ಕಿಲೋಮೀಟರ್ ಗಾಳಿ. ಜಾಗ್ರತೆ."

"ಎಷ್ಟು ಗಂಟೆಗೆ ಬಂದದ್ದು ಮಗಾ?" ಕೇಳಿದರು ಕಾಕಾ.

"ನಾಲ್ಕಕ್ಕೆ."

ಗೋಡೆಯ ಗಡಿಯಾರದಲ್ಲಿ ಏಳೂಕಾಲು. ಕಾಕಾ ಫೋನನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಎದ್ದರು. ಪಡುವಣಕ್ಕೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತರು. ತೆಂಗಿನ ಗರಿ ಅಲ್ಲಾಡುತ್ತಿರಲಿಲ್ಲ.

"ಮಾಷ್ಟ್ರೇ, ಅಡಿಕೆಗೆ ಹೊದಿಸುವ ದೊಡ್ಡ ಟರ್ಪಾಲು ಉಂಟಲ್ಲ, ಅದನ್ನು ಕೊಡಿ. ಇಂಜಿನಿಗೆ ಮುಚ್ಚಬೇಕು. ಹಗ್ಗ ಇದ್ದರೆ ಅದೂ ಬೇಕು."