ಅತ್ತೆ ಹಾಡು ನಿಲ್ಲಿಸಿದ ಭಾನುವಾರ

ಸಂಜೆ ಹೊತ್ತು ಮಡಿಕೇರಿಯ ರಾಜಾಸೀಟ್‌ಗೆ ಹೋದರೆ ಯಾರದಾದರೂ ಮೊಬೈಲಲ್ಲಿ 'ಕೊಡಗಿನ ಕಾವೇರಿ' ಕೇಳಿಸಿಯೇ ಕೇಳಿಸುತ್ತೆ. ಬೆಟ್ಟದ ಕಡೆ ಕ್ಯಾಮೆರಾ ತಿರುಗಿಸಿ ರೀಲ್ಸ್ ಮಾಡುತ್ತಿರುತ್ತಾರೆ. ಶಾಲೆಯ ವಾರ್ಷಿಕೋತ್ಸವ, ಮದುವೆಮನೆ ಆರ್ಕೆಸ್ಟ್ರಾ, ಪ್ರವಾಸಿಗರ ಬಸ್ಸು, ಎಲ್ಲ ಕಡೆ ಅದೇ ಹಾಡು. ಪಿ.ಬಿ. ಶ್ರೀನಿವಾಸ್ ಮತ್ತು ಪಿ. ಸುಶೀಲ ದನಿ, ವಿಜಯಭಾಸ್ಕರ್ ಸಂಗೀತ. ಕೇಳಿದರೆ ಯಾರಿಗಾದರೂ ಖುಷಿಯಾಗುತ್ತೆ.

ಹಾಡು 'ಶರಪಂಜರ'ದ್ದು ಅಂತ ಹೇಳುವವರು ಸಿಗುತ್ತಾರೆ. ಆದರೆ ಆ ಸಿನಿಮಾದಲ್ಲಿ ಈ ಹಾಡು ಆದ ಮೇಲೆ ಏನಾಗುತ್ತೆ ಅನ್ನೋದು ನಮ್ಮ ಜನಕ್ಕೆ ಮರೆತೇ ಹೋಗಿದೆ. ನನಗೆ ಮರೆಯೋಕೆ ಆಗಲ್ಲ.

ನಮ್ಮದು ಸುಂಟಿಕೊಪ್ಪದ ಹತ್ತಿರ ಸಣ್ಣ ತೋಟ. ಅಪ್ಪನ ತಂಗಿ, ನನ್ನ ಅತ್ತೆ, ಹೆರಿಗೆಗೆ ಅಂತ ತವರಿಗೆ ಬಂದವರು ಮತ್ತೆ ಗಂಡನ ಮನೆಗೆ ಹೋಗಲೇ ಇಲ್ಲ. ಮಗು ಹುಟ್ಟಿ ವಾರದೊಳಗೆ ಅವರಿಗೆ ನಿದ್ದೆ ಹೋಯಿತು. ಮಗುವನ್ನು ಯಾರೋ ಬದಲಾಯಿಸಿದ್ದಾರೆ ಅನ್ನತೊಡಗಿದರು. ಬಾಣಂತಿ ಸನ್ನಿ ಅಂದರು ಊರವರು. ಮೈಸೂರಿಗೆ ಕರೆದುಕೊಂಡು ಹೋಗಿ ಮೂರು ತಿಂಗಳು ಚಿಕಿತ್ಸೆ ಕೊಡಿಸಿದರು. ಪೂರ್ತಿ ವಾಸಿಯಾಗಿ ಬಂದರು. ಕರೆದುಕೊಂಡು ಹೋಗಲು ಆ ಕಡೆಯಿಂದ ಯಾರೂ ಬರಲಿಲ್ಲ.

ಇದೆಲ್ಲ ನಾನು ಹುಟ್ಟುವ ಮೊದಲಿನ ಮಾತು. ನನಗೆ ಗೊತ್ತಿದ್ದ ಅತ್ತೆ ಎಲ್ಲರಿಗಿಂತ ಚುರುಕು. ಕೆಲಸದವರ ಲೆಕ್ಕ ಬರೆಯುವವರು, ಕಣದಲ್ಲಿ ಕಾಫಿ ಒಣಗಿತಾ ಇಲ್ವಾ ಅಂತ ಕೈಗೆ ತೆಗೆದುಕೊಂಡ ಕೂಡಲೇ ಹೇಳುವವರು. ಆದರೂ ಅವರು ಸ್ವಲ್ಪ ಜೋರಾಗಿ ನಕ್ಕರೆ ಅಜ್ಜಿ ಒಳಗಿನಿಂದ ಬಂದು ನೋಡುತ್ತಿದ್ದರು. ಕತ್ತಿ ಯಾವಾಗಲೂ ಅಟ್ಟದ ಮೇಲೆ ಇರುತ್ತಿತ್ತು. ಯಾಕೆ ಅಂತ ನಾವು ಮಕ್ಕಳು ಕೇಳಿದವರೇ ಅಲ್ಲ.

ನಾನು ಆರನೇ ಕ್ಲಾಸಲ್ಲಿದ್ದಾಗ ಒಂದು ಭಾನುವಾರ ಸಂಜೆ ದೂರದರ್ಶನದಲ್ಲಿ 'ಶರಪಂಜರ' ಬಂತು. ಅಣ್ಣ ಹೆಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸಿ ಬಂದ. ಕಪ್ಪು ಬಿಳುಪು ಟೀವಿ ಮುಂದೆ ಮನೆಯವರೆಲ್ಲ, ಪಕ್ಕದ ತೋಟದವರೂ ಸೇರಿ ಹದಿನೈದು ಜನ. ಅತ್ತೆ ಬಾಗಿಲ ಹತ್ತಿರ ಕೂತು ಮೊರದಲ್ಲಿ ಕಾಳುಮೆಣಸು ಕೇರುತ್ತಿದ್ದರು. ಈ ಹಾಡು ಶುರುವಾಯಿತು. ಅತ್ತೆ ಟೀವಿಯ ಜೊತೆ ಹಾಡತೊಡಗಿದರು. ಮೊದಲು ಸಣ್ಣಗೆ, ಆಮೇಲೆ ಬಾಯಿ ತುಂಬಾ. ಮೊರ ಕೂಡ ಆ ತಾಳಕ್ಕೇ ಆಡುತ್ತಿತ್ತು. ಎಷ್ಟು ಚೆಂದ ಹಾಡುತ್ತಿದ್ದರು ಅಂದರೆ ನಾನು ಟೀವಿ ಬಿಟ್ಟು ಅವರನ್ನೇ ನೋಡಿದೆ.

ಆಮೇಲೆ ಗೊತ್ತಾಯಿತು, ಎಲ್ಲರೂ ಅವರನ್ನೇ ನೋಡುತ್ತಿದ್ದರು. ಅಜ್ಜಿ ಅಪ್ಪನ ಮುಖ ನೋಡಿದರು. ಪಕ್ಕದ ಮನೆಯವರು ಮಗುವನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡರು. ಅತ್ತೆಗೆ ಅದು ಕಂಡಿತು. ಹಾಡು ಅರ್ಧಕ್ಕೆ ನಿಂತಿತು. ಮೊರ ಎತ್ತಿಕೊಂಡು ಅಡುಗೆಮನೆಗೆ ಹೋದರು, ಸಿನಿಮಾ ಮುಗಿಯುವವರೆಗೂ ಈಚೆ ಬರಲಿಲ್ಲ. ನಾವೆಲ್ಲ ಕೂತು ಸಿನಿಮಾದ ನಾಯಕಿ ಕಲ್ಪನಾಗೋಸ್ಕರ ಅತ್ತೆವು. ಅಜ್ಜಿಯಂತೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ಇದ್ದರು.

ಆ ದಿನ ನಮ್ಮ ಮನೆಯಲ್ಲಿ ಏನಾಯಿತು ಅಂತ ನನಗೆ ಅರ್ಥವಾಗಿದ್ದು ಮೈಸೂರಲ್ಲಿ ಓದುವಾಗ, ಅದೇ ಸಿನಿಮಾವನ್ನು ಮತ್ತೆ ನೋಡಿದಾಗ. ಕಲ್ಪನಾ ಮಾಡಿದ ಪಾತ್ರ ಕಾವೇರಿ. ಬಾಣಂತಿ ಸನ್ನಿಗೆ ಆಸ್ಪತ್ರೆ ಸೇರಿದ ಅವಳು ವಾಸಿಯಾಗಿಯೇ ಮನೆಗೆ ಬರುತ್ತಾಳೆ. ಆದರೆ ಅವಳ ಮಾತಲ್ಲಿ, ನಗುವಲ್ಲಿ, ಸುಮ್ಮನಿರುವುದರಲ್ಲೂ ಎಲ್ಲರೂ ಹುಚ್ಚು ಹುಡುಕುತ್ತಾರೆ. ಗಂಡ ಇನ್ನೊಬ್ಬಳ ಕಡೆ ತಿರುಗಿರುತ್ತಾನೆ. ಕೊನೆಗೆ ಅವಳು ಮತ್ತೆ ಆಸ್ಪತ್ರೆಗೇ ಹೋಗಬೇಕಾಗುತ್ತೆ. ಹಾಸ್ಟೆಲ್ ರೂಮಲ್ಲಿ ಕೂತು ನೋಡುತ್ತಿದ್ದ ನನಗೆ ಕಂಡಿದ್ದು ಕಲ್ಪನಾ ಅಲ್ಲ, ಮೊರ ಹಿಡಿದು ಎದ್ದು ಹೋದ ಅತ್ತೆ.

ಕಲ್ಪನಾ ನಟನೆ ಜಾಸ್ತಿ ಆಯಿತು ಅನ್ನುವವರನ್ನು ತುಂಬಾ ಕೇಳಿದ್ದೇನೆ. ನಾನು ಒಪ್ಪಲ್ಲ. ಅಷ್ಟು ಕಣ್ಣುಗಳು ದಿನವಿಡೀ ಮೇಲೆಯೇ ಇದ್ದರೆ ಮನುಷ್ಯರ ದನಿ ಹಾಗೇ ಏರುತ್ತೆ, ಹಾಗೇ ಒಡೆಯುತ್ತೆ. ನಿರ್ದೇಶಕ ಪುಟ್ಟಣ್ಣ ಕಣಗಾಲ್ 1971ರಲ್ಲಿ ಈ ವಿಷಯ ಮುಟ್ಟಿದರು ಅನ್ನೋದೇ ದೊಡ್ಡದು. ಕಥೆ ತ್ರಿವೇಣಿಯವರ ಕಾದಂಬರಿಯದ್ದು. ಬಾಣಂತಿಯ ಮನಸ್ಸಿನ ಕಾಯಿಲೆ ಬಗ್ಗೆ ಬರೆದ ಆ ತಾಯಿ, 1963ರಲ್ಲಿ ತಮ್ಮದೇ ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡರು. ಇನ್ನೂ 35 ತುಂಬಿರಲಿಲ್ಲ. ಸಿನಿಮಾ ನೋಡಲು ಅವರು ಇರಲಿಲ್ಲ ಅನ್ನೋದನ್ನ ನೆನೆದರೆ ಸಂಕಟವಾಗುತ್ತೆ.

ಈ ಕಾಯಿಲೆ ಸಾವಿರ ಹೆರಿಗೆಗಳಲ್ಲಿ ಒಂದೋ ಎರಡೋ ತಾಯಂದಿರಿಗೆ ಬರುತ್ತೆ, ಹೆಚ್ಚಾಗಿ ಮೊದಲ ಎರಡು ವಾರದಲ್ಲೇ. ಬೇಗ ಆಸ್ಪತ್ರೆಗೆ ಕರೆದುಕೊಂಡು ಹೋದರೆ ವಾಸಿಯಾಗುತ್ತೆ. ನಿಮ್ಮ ಮನೆಯ ಬಾಣಂತಿಗೆ ನಿದ್ದೆಯೇ ಇಲ್ಲ, ಮಾತು ಬೇರೆ ಥರ ಆಗಿದೆ ಅನಿಸಿದರೆ ದೃಷ್ಟಿ, ಗಾಳಿ ಅಂತ ದಿನ ಕಳೆಯಬೇಡಿ. ಸಿನಿಮಾ ಬಗ್ಗೆ ಬರೆಯುತ್ತಾ ಇದನ್ನೆಲ್ಲ ಯಾಕೆ ಹೇಳುತ್ತಿದ್ದೀರಿ ಅನ್ನಬೇಡಿ. ನನಗೆ ಇದು ಬೇರೆ ಅದು ಬೇರೆ ಅಲ್ಲ.

ನೋಡುವವರು ಏನು ಕಂಡು ಬಂದಿದ್ದಾರೋ ಅದನ್ನು ಸೇರಿಸಿಕೊಂಡೇ ಸಿನಿಮಾ ಪೂರ್ತಿಯಾಗುತ್ತೆ ಅಂತ ನಾನು ನಂಬುತ್ತೇನೆ. 2006ರ ಕೊನೆಗೆ 'ಮುಂಗಾರು ಮಳೆ' ಬಂದಾಗ ಪರದೆ ಮೇಲೆ ನಮ್ಮ ಮಳೆ ಸುರಿಯುವುದು ನೋಡಿ ಎಷ್ಟು ಹೆಮ್ಮೆಪಟ್ಟಿದ್ದೆವು! 2018ರ ಆಗಸ್ಟ್‌ನಲ್ಲಿ ನಮ್ಮ ಮಕ್ಕಂದೂರು, ಜೋಡುಪಾಲದ ಕಡೆ ಮಳೆಗೆ ಗುಡ್ಡ ಜರಿದ ಮೇಲೆ ಎರಡು ವರ್ಷ ನನಗೆ ಆ ಸಿನಿಮಾ ನೋಡೋಕೆ ಆಗಲಿಲ್ಲ. ಸಿನಿಮಾ ಅದೇ, ಮಳೆನೂ ಅದೇ.

ಅತ್ತೆಗೆ ಈಗ ಎಪ್ಪತ್ತರ ಮೇಲಾಗಿದೆ. ಹೋದ ದಸರಾಕ್ಕೆ ಅವರನ್ನು ಮಡಿಕೇರಿಗೆ ಕರೆದುಕೊಂಡು ಹೋಗಿದ್ದೆ. ಗಾಂಧಿ ಮೈದಾನದಲ್ಲಿ ಹಾಡಿನ ಕಾರ್ಯಕ್ರಮ. ಮೂರನೆಯದೋ ನಾಲ್ಕನೆಯದೋ ಇದೇ ಹಾಡು ಬಂತು. ಪಕ್ಕದಲ್ಲಿ ಅತ್ತೆ ದನಿ ಸಣ್ಣಗೆ ಶುರುವಾಯಿತು. ನಾನು ತಿರುಗಿ ಅವರ ಮುಖ ನೋಡಲಿಲ್ಲ. ವೇದಿಕೆಯನ್ನೇ ನೋಡುತ್ತಾ ನಾನೂ ಜೊತೆಗೆ ಹಾಡಿದೆ. ಅವರು ಹಾಡು ಮುಗಿಯುವವರೆಗೂ ಹಾಡಿದರು.